ನನ್ನ ಬೊಬ್ಬೆ, ಪ್ರತೀಕ್ಷಾಳ ಮೊಬೈಲು

ಕಾರ್ಕಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಮ್ಯಾನೇಜರ್. ಯಂತ್ರಗಳ ಸದ್ದಿನ ನಡುವೆ ಬೊಬ್ಬೆ ಹಾಕಿ ಅಭ್ಯಾಸವಾಗಿ, ಈಗ ಮನೆಯಲ್ಲಿ ಉಪ್ಪು ಕೇಳುವುದೂ ಬೊಬ್ಬೆ ಹಾಕಿಯೇ. ಪ್ಯಾಕಿಂಗ್ ನೋಡಿಕೊಳ್ಳುವ ಪ್ರತೀಕ್ಷಾ ಇಪ್ಪತ್ತಮೂರು ವರ್ಷದ ಹುಡುಗಿ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ, ಮರುಕ್ಷಣ "ಎಂತ ಮೇಡಂ?" ಎಂದು ಮೆಸೇಜ್ ಬರುತ್ತದೆ. ಹತ್ತು ಹೆಜ್ಜೆ ದೂರದಲ್ಲಿ ಕೂತುಕೊಂಡು! ಅವಳನ್ನು ಆ ಜಾಗದಿಂದ ತೆಗೆಯಬೇಕೆಂದೇ ಇದ್ದೆ.

ಅಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಮಣಿಪಾಲದ ಡಾಕ್ಟರು ಒಂದು ವಾರ ಪಿಸುಗುಟ್ಟಲಿಕ್ಕೂ ಇಲ್ಲ ಎಂದರು. ಮರುದಿನ ನೋಡಿದರೆ, ಸಂಜೆ ಲಾರಿ ಏರಬೇಕಾದ ಡಬ್ಬಿಗಳಿಗೆಲ್ಲ ಹಳೆಯ ಲೇಬಲ್. ಪ್ಯಾಕಿಂಗಿನ ಹೆಂಗಸರೆಲ್ಲ ಎದುರು ನಿಂತಿದ್ದಾರೆ, ನನಗೆ ಸ್ವರ ಇಲ್ಲ. ಹಿಂದಿನ ವಾರವಷ್ಟೇ ನನ್ನ ಬೈಗುಳಕ್ಕೆ ಇಬ್ಬರು ಕೆಲಸ ಬಿಟ್ಟಿದ್ದರು. ಆದರೂ ಸಿಟ್ಟು ತಡೆಯದೆ ಪ್ರತೀಕ್ಷಾಳಿಗೆ ಟೈಪ್ ಮಾಡಿದೆ: "ನಿಮಗೆ ಯಾರಿಗೂ ಕಣ್ಣು ಕಾಣುವುದಿಲ್ವಾ? ಲಾರಿ ತಪ್ಪಿದರೆ ನಾಳೆಯಿಂದ ಯಾರೂ ಬರುವುದು ಬೇಡ. ಇದನ್ನು ಓದಿ ಹೇಳು."

ಅವಳು ಮೊಬೈಲ್ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗಟ್ಟಿಯಾಗಿ ಓದಿದಳು: "ಲೇಬಲ್ ಬದಲಿಸಲಿಕ್ಕೆ ಉಂಟಂತೆ. ಎಲ್ಲರೂ ಕೈ ಹಾಕಿದರೆ ಲಾರಿ ಸಿಗುತ್ತದಂತೆ. ಮೇಡಂ ಕೂಡ ನಮ್ಮೊಟ್ಟಿಗೆ ಕೂತುಕೊಳ್ಳುತ್ತಾರಂತೆ."

ತಕರಾರು ಮಾಡುವುದು ಯಾವ ಬಾಯಲ್ಲಿ? ಕೂತೆ. ಲಾರಿ ಗೇಟು ದಾಟಿದಾಗ ಹೋದ ಜೀವ ಬಂದ ಹಾಗಾಯಿತು. ಮರುದಿನ ಎಲ್ಲರೂ ಕೆಲಸಕ್ಕೆ ಬಂದರು. ಪ್ರತೀಕ್ಷಾ ಅದೇ ಜಾಗದಲ್ಲಿದ್ದಾಳೆ.

ನನಗೆ ಸ್ವರ ಬಂದು ನಾಲ್ಕು ದಿನವಾಯಿತು. ಅವಳಿಗೆ ಇನ್ನೂ ಹೇಳಿಲ್ಲ.