ಆಯೇರಿ ಇಲ್ಲದ ಮದುವೆ

ಅಕ್ಕ ಬೆನ್ನು ತಿರುಗಿಸಿ ನಡೆದಾಗ ಅವಳ ಸೀರೆಯ ಮೇಲೆ ಸೊಂಟದಿಂದ ಹಿಮ್ಮಡಿಯವರೆಗೆ ಒಂದು ಹೊಲಿಗೆ ಕಾಣುತ್ತಿತ್ತು. ಕೂತು ಏಳುವ ಜಾಗದಲ್ಲಿ ಸೀರೆ ಸವೆದು ಜಾಳಾಯಿತೆಂದರೆ ಅವಳು ಅಷ್ಟನ್ನೇ ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದ ಎರಡು ತುಂಡುಗಳನ್ನು ಸೇರಿಸಿ ಹೊಲಿದು, ಇನ್ನಷ್ಟು ಕಾಲ ಉಡುತ್ತಿದ್ದಳು. ಮನಸ್ಸು ಮಾಡಿದ್ದರೆ ಹೊಲಿಗೆಯನ್ನು ನಿರಿಗೆಯೊಳಗೆ ಮುಚ್ಚಿಕೊಳ್ಳಬಹುದಿತ್ತು. ಆ ಉಸಾಬರಿ ಅವಳಿಗೆ ಬೇಕಿರಲಿಲ್ಲ.

ಇದು ಬನಹಟ್ಟಿಯಲ್ಲಿ, ಪಡಸಾಲೆಯ ಆಚೆ ನಾಲ್ಕು ಪವರ್‌ಲೂಮುಗಳು ಮುಂಜಾನೆಯಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದ ಮನೆಯಲ್ಲಿ. ಓಣಿಯ ಹೆಂಗಸೊಬ್ಬಳು ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟಳು:

“ಮನಿ ತುಂಬ ಸೀರಿ ನೇಯತೀರಿ, ನಿನ್ನ ಮೈಮ್ಯಾಲ ಇದೇನವಾ?”

“ನೇಯ್ದದ್ದು ಮಾರಾಕ, ಹೊಲದದ್ದು ಉಡಾಕ,” ಅಂದಳು ಅಕ್ಕ. “ಅದನ್ನ ನಾನ ಉಟಗೊಂಡು ಕುಂತ್ರ ಸಂತಿಗೆ ನೀ ರೊಕ್ಕ ಕೊಡತಿ ಏನು?”

ಅವಳು ನನ್ನ ಹಿರಿಯ ನೆಗೆಣ್ಣಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅತ್ತೆ ತೀರಿಹೋದ ಮೇಲೆ ಮನೆಯ ಯಜಮಾನಿಕೆ ಅವಳದೇ. ನಾನು ಜಮಖಂಡಿಯ ನೌಕರದಾರರ ಮನೆಯ ಹುಡುಗಿ, ಅಪ್ಪ ಕೋರ್ಟಿನಲ್ಲಿ ಕಾರಕೂನ. ನಮ್ಮಲ್ಲಿ ಪಗಾರದ ದಿನ ಎಲ್ಲರೂ ಹೋಟೆಲಿಗೆ ಹೋಗುವುದು, ತಿಂಗಳ ಕೊನೆಗೆ ಪಕ್ಕದ ಮನೆಯಿಂದ ವಾಟಗದಲ್ಲಿ ಸಕ್ಕರೆ ಕಡ ತರುವುದು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆಂದು ತಿಳಿದು ಬೆಳೆದವಳು ನಾನು. ಈ ಮನೆಯಲ್ಲಿ ಪಗಾರವೆಂಬುದೇ ಇರಲಿಲ್ಲ. ಆದರೆ ಸಕ್ಕರೆ ಡಬ್ಬಿ ಬರಿದಾದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಮದುವೆಯಾಗಿ ಬಂದ ಮರುದಿನ ಅಡುಗೆಮನೆಯ ಮೂಲೆಯಲ್ಲಿ ಕೌದಿ ಹೊದಿಸಿ ಏನನ್ನೋ ಮಲಗಿಸಿದ್ದು ಕಂಡು, ಯಾರದೋ ಕೂಸಿರಬೇಕೆಂದು ಸಪ್ಪಳ ಮಾಡದೆ ದಾಟಿ ಹೋಗಿದ್ದೆ. ಊಟದ ಹೊತ್ತಿಗೆ ಅಕ್ಕ ಕೌದಿ ಬಿಚ್ಚಿ ಅದರೊಳಗಿಂದ ಅನ್ನದ ಪಾತ್ರೆ ತೆಗೆದಳು. ಅನ್ನ ಅರೆಬೆಂದಾಗಲೇ ಗ್ಯಾಸ್ ಆರಿಸಿ ಹಾಗೆ ಸುತ್ತಿಡುವುದು ಅವಳ ರೂಢಿ. “ಉಳದದ್ದು ಅದರ ಸೆಕಿಯೊಳಗ ಅದ ಬೇಯತೈತಿ, ನಾವ್ಯಾಕ ಕಾಸಬೇಕು?” ಅಂದಳು. ನಾನು ಕೂಸೆಂದು ತಿಳಿದ ಸಂಗತಿಯನ್ನು ಬಾಯಿತಪ್ಪಿ ಹೇಳಿಬಿಟ್ಟೆ. ಮುಂದೆ ಎಷ್ಟೋ ವರ್ಷ ಅನ್ನ ಬಡಿಸುವಾಗಲೆಲ್ಲ “ಏಳಸವಾ ಕೂಸಿನ್ನ” ಎಂದು ನನ್ನನ್ನು ಕಾಡುತ್ತಿದ್ದಳು.

ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು. ತಂಗಳ ರೊಟ್ಟಿ ಮುರಿದು ಮಜ್ಜಿಗೆ ಚಿಮುಕಿಸಿ ಒಗ್ಗರಣೆ ಕೊಟ್ಟರೆ ಬಿಸಿರೊಟ್ಟಿಗಿಂತ ಮೊದಲು ಅದೇ ಖಾಲಿಯಾಗುತ್ತಿತ್ತು. ಮಗ್ಗದ ಕೆಳಗೆ ಬಿದ್ದ ತುಂಡುನೂಲು ಕೊಡ ಹೊರುವ ಸಿಂಬಿಯಾಗುತ್ತಿತ್ತು. ಹಾಗೆಂದು ಅವಳನ್ನು ಜಿಪುಣಿ ಅಂದವರೊಂದಿಗೆ ನಾನು ಜಗಳಕ್ಕೇ ನಿಂತೇನು. ತಾನು ಕುಡಿಯುವ ಚಹಾಕ್ಕೆ ಹಾಲು ಹನಿಸುತ್ತಿದ್ದವಳು ಮನೆಗೆ ಬಂದವರಿಗೆ ಕೆನೆಹಾಲಿನ ಚಹಾ ಕೊಡುತ್ತಿದ್ದಳು. ಸಂತೆಯಲ್ಲಿ ಬುಟ್ಟಿ ಹೊತ್ತು ತಂದ ಮುದುಕಿಯೊಂದಿಗೆ ನಾನು ಮೆಂತ್ಯದ ಸಿವುಡಿಗೆ ಚೌಕಾಶಿ ಮಾಡಲು ಹೋದರೆ ಕೈ ಚಿವುಟುತ್ತಿದ್ದಳು. “ಗಾದಿ ಮ್ಯಾಲ ಕುಂತು ಮಾರಾವ್ರ ಜೋಡಿ ಮಾಡು ಚೌಕಾಶಿ. ತಲಿ ಮ್ಯಾಲ ಹೊತಗೊಂಡ ಬಂದಾವ್ರ ಜೋಡಿ ಅಲ್ಲ.”

ಹೊಸ ವಸ್ತು ಕೊಳ್ಳುವುದಕ್ಕೆ ಅವಳದೊಂದು ಕಾನೂನಿತ್ತು: “ಒಂದ ಸಂತಿ ತಡಿ.” ಯಾವುದಾದರೂ ಬೇಕೆನಿಸಿದರೆ ಅಂದೇ ತರುವಂತಿಲ್ಲ, ಮುಂದಿನ ವಾರದ ಸಂತೆಯವರೆಗೆ ಕಾಯಬೇಕು. ಅಷ್ಟರಲ್ಲಿ ಮರೆತುಹೋದರೆ ಅದು ಬೇಕಿರಲಿಲ್ಲ ಎಂದೇ ಅರ್ಥ. ನನ್ನ ಗಂಡ ಮೊಬೈಲಿನಲ್ಲಿ ರೊಕ್ಕ ಕೊಡುವುದನ್ನು ಕಲಿತಾಗ ಅವಳು ಅನುಮಾನದಿಂದ ನೋಡಿದಳು. “ಗಲ್ಲಿ ಪೆಟಗಿಗೆ ಕೈ ಹಾಕಿದ್ರ ಎಷ್ಟ ಉಳದೈತಿ ಅಂತ ಕೈಗೆ ಗೊತ್ತಾಕ್ಕೈತಿ. ಇದರಾಗ ಏನ ಗೊತ್ತಾಕ್ಕೈತಿ ಮಣ್ಣು!”

ಇಂಥವಳಿಗೆ ಎಲ್ಲಕ್ಕಿಂತ ಸೇರದ ಖರ್ಚೆಂದರೆ ಆಯೇರಿ. ನಮ್ಮ ಕಡೆ ಮದುವೆ ಮುಂಜಿವೆಗಳಲ್ಲಿ ಬೀಗರು ಬಿಜ್ಜರನ್ನೆಲ್ಲ ಸಾಲಾಗಿ ಕೂಡಿಸಿ ಸೀರೆ, ಖಣ, ಟಾವೆಲು, ಟೊಪ್ಪಿಗೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ಕೊಟ್ಟ ಸೀರೆಯನ್ನು ಯಾರೂ ಉಡುವುದಿಲ್ಲ. ಅದು ಟ್ರಂಕಿಗೆ ಹೋಗುತ್ತದೆ, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಉಡಿ ಸೇರುತ್ತದೆ, ಅವರ ಟ್ರಂಕಿನಿಂದ ಮತ್ತೊಬ್ಬರಿಗೆ. ಎಲ್ಲರಿಗೂ ಇದು ಗೊತ್ತು. ಆದರೂ ಎಲ್ಲರೂ ಮಾಡುತ್ತಾರೆ.

ಒಮ್ಮೆ ಅಕ್ಕ, ಭಾವ ಬೀಳಗಿಯಲ್ಲಿ ನೆಂಟರ ಹೊಸಮನೆಯ ಕಾರ್ಯಕ್ಕೆ ಹೋಗಿ ಒಂದು ಆಯೇರಿ ಸೀರೆಯೊಂದಿಗೆ ಮರಳಿದರು. ಭಾವ ಸುಮ್ಮನೆ ಅದರ ಅಂಚು ಹಿಡಿದು ನೋಡಿದವರು ದೀಪದ ಕೆಳಗೆ ಒಯ್ದು ಮತ್ತೆ ನೋಡಿದರು. ನಮ್ಮ ಎರಡನೇ ಮಗ್ಗ ಹಿಂದೊಮ್ಮೆ ಕೆಟ್ಟು, ರಿಪೇರಿಯಾಗುವವರೆಗೆ ಅಂಚಿನಲ್ಲಿ ಒಂದು ಎಳೆ ಬಿಡುತ್ತಿತ್ತು. ಆ ಬಿಟ್ಟ ಎಳೆ ಈ ಸೀರೆಯಲ್ಲಿ ಉದ್ದಕ್ಕೂ ಇತ್ತು.

“ಇದು ನಾ ನೇಯ್ದದ್ದು!” ಭಾವ ಹಿಗ್ಗಿಹೋದರು.

ಅಕ್ಕ ಸೀರೆಯನ್ನು ಕಸಿದುಕೊಂಡು ನೆಲದ ಮೇಲೆ ಹಾಸಿದಳು. ಮಡಿಕೆಯಿದ್ದ ಕಡೆಯಲ್ಲೆಲ್ಲ ಬಟ್ಟೆ ಸೀಳಿತ್ತು. ವ್ಯಾಪಾರಿ ಕೊಂಡೊಯ್ದ ಸೀರೆ ಎಷ್ಟು ಮನೆಗಳ ಟ್ರಂಕು ಸುತ್ತಿತ್ತೋ, ಒಬ್ಬ ಹೆಣ್ಣುಮಗಳ ಮೈಯನ್ನೂ ಕಾಣದೆ, ಮಡಿಸಿದಲ್ಲೇ ಹರಿದು ಹುಟ್ಟಿದ ಮನೆಗೆ ಬಂದಿತ್ತು. ಅಕ್ಕ ಸೀಳಿದ ಮಡಿಕೆಗಳ ಮೇಲೆ ಬೆರಳಾಡಿಸಿದಳು. “ಒಬ್ಬಾಕಿ ಉಟ್ಟು ಹರದಿದ್ರ ಕೌದ್ಯಾರ ಹೊಲೀತಿದ್ದೆ,” ಅಂದಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿತ್ತು. ನೇಯುವುದಕ್ಕೆ ಪಟ್ಟ ಪಾಡು ಅವಳಿಗೆ ಗೊತ್ತಿತ್ತು.

ಮುಂದೆ ಅವಳ ಒಬ್ಬಳೇ ಮಗಳ ಮದುವೆ ಮುಧೋಳದ ಕಡೆ ನಿಶ್ಚಯವಾಯಿತು. ಅದೇ ಹೊತ್ತಿಗೆ ಜಮಖಂಡಿಯ ಕಾಲೇಜಿನಿಂದ ನನಗೆ ಬಿ.ಎಡ್. ಸೀಟು ಸಿಕ್ಕ ಸುದ್ದಿ ಬಂತು. ಬಿ.ಎ. ಮುಗಿಸಿ ಮದುವೆಯಾಗಿ ಬಂದು, ಮಗ ಶಾಲೆಗೆ ಹೋಗತೊಡಗಿದ ಮೇಲೆ ಧೈರ್ಯ ಮಾಡಿ ಹಾಕಿದ ಅರ್ಜಿ ಅದು. ಆ ವರ್ಷ ಸೀರೆಗೆ ದರ ಇರಲಿಲ್ಲ. ಮನೆಯಲ್ಲಿ ಕೂಡಿಟ್ಟದ್ದರಲ್ಲಿ ಮದುವೆಯ ಊಟ, ಬಂಗಾರ ಕಳೆದರೆ ಉಳಿಯುವುದು ಎರಡರಲ್ಲಿ ಒಂದಕ್ಕೆ ಮಾತ್ರ: ಆಯೇರಿ, ಇಲ್ಲವೆ ನನ್ನ ಫೀ. ಸಾಲವೆಂಬ ಮಾತನ್ನು ಅಕ್ಕ ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವವಳಲ್ಲ. “ಮುಂದಿನ ವರ್ಷ ನೋಡೂಣು” ಎಂದರು ನನ್ನ ಗಂಡ. ಮುಂದಿನ ವರ್ಷ ಸೀಟು ಸಿಗುತ್ತದೆಂದು ಹೇಳುವವರು ಯಾರು? ನಾನು ತಲೆಯಾಡಿಸಿ ಒಳಗೆ ಹೋಗಿ ಅತ್ತೆ.

ಅಕ್ಕ ಇದಕ್ಕೂ ಒಂದು ಸಂತೆ ತಡೆದಳು. ವಾರ ಕಳೆದು ಸಂತೆಯ ಚೀಲ ಕೆಳಗಿಡುತ್ತಲೇ ಹೇಳಿದಳು:

“ಆಯೇರಿ ಬಂದ್. ಈಕಿ ಫೀ ತುಂಬ್ರಿ.”

“ನೇಕಾರರ ಮನಿ ಮದುವ್ಯಾಗ ಸೀರಿ ಇಲ್ಲಂದ್ರ ಮಂದಿ ಏನಂದಾರು?” ಭಾವ ಗಾಬರಿಯಾದರು.

“ಎರಡ ದಿನ ಅಂತಾರ, ಆಮ್ಯಾಲ ಬಾಯಿ ನೋಯತಾವು. ನೋಡ್ರಿ, ಪಗಾರ ಅನ್ನೂದು ಕರೆಂಟ್ ಹೋದ್ರೂ ನಿಲ್ಲದ ಮಗ್ಗ. ಅಂಥಾದೊಂದು ನಮ್ಮ ಮನ್ಯಾಗ ಇರಲಿ.”

ಮದುಮಗಳನ್ನೂ ಕರೆದು ಕೇಳಿದಳು. “ಕಾಕಿ ಓದಲಿ, ಯವ್ವಾ” ಎಂದಿತು ಆ ಹುಡುಗಿ. ಅಕ್ಕ ತಾನೇ ಮುಧೋಳಕ್ಕೆ ಹೋಗಿ ಬೀಗತಿಯ ಮುಂದೆ ಕೂತು, ನಾವು ಆಯೇರಿ ಕೊಡುವುದಿಲ್ಲ, ನೀವೂ ತರಬೇಡಿ ಎಂದು ಹೇಳಿಬಂದಳು. ಬೀಗತಿ “ಆಗಲಿ ಬಿಡ್ರೀ, ಅದಕ್ಕೇನಾತು” ಎಂದರಂತೆ. ತೊಡಕಾದದ್ದು ಅಲ್ಲೇ. ನಮ್ಮ ಕಡೆ ಆಯೇರಿ ಬೇಡವೆಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಆಮೇಲೆ ಎಲ್ಲರೂ ಕೊಡುತ್ತಾರೆ. ಬೇಡ ಎನ್ನುವುದು ಮರ್ಯಾದೆಯ ಮಾತು, ಆಗಲಿ ಎನ್ನುವುದು ಅದಕ್ಕೆ ಮರ್ಯಾದೆಯ ಉತ್ತರ. ಅಕ್ಕ ಖರೆ ಹೇಳಿದ್ದಾಳೆಂದು ಬೀಗತಿಗೆ ಹೊಳೆಯಲೇ ಇಲ್ಲ.

ಮದುವೆಯ ದಿನ ಮದುಮಕ್ಕಳ ಮೇಲೆ ಅಕ್ಕಿಕಾಳು ಬಿತ್ತು, ಊಟವಾಯಿತು. ಬೀಗತಿ ತಮ್ಮ ಕಡೆಯ ಹೆಂಗಸರನ್ನೆಲ್ಲ ಜಮಖಾನೆಯ ಮೇಲೆ ಸಾಲಾಗಿ ಕೂಡಿಸಿಕೊಂಡು ಕಾದರು. ಅಕ್ಕ ಬಂದು ಒಬ್ಬೊಬ್ಬರಿಗೂ ಅರಿಷಿಣ ಕುಂಕುಮ ಕೊಟ್ಟು, ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ, ಕೈಮುಗಿದು ನಿಂತಳು. ಹಿಂದೆ ಸೀರೆಯ ಗಂಟು ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗತಿ ಎದ್ದು ನಿಂತರು.

“ನಮ್ಮ ಮಂದಿ ಮುಂದ ನನ್ನ ಮಾನ ಕಳದ್ರಿ. ಹಿಂಗಾದ್ರ ನಿಮ್ಮ ಹುಡುಗಿನ್ನ ನಿಮ್ಮ ಮನ್ಯಾಗ ಇಟ್ಟಕೋರಿ.”

ನನ್ನ ಓದಿಗಾಗಿ ಈ ಹುಡುಗಿಯ ಬಾಳು ಹಾಳಾಗುತ್ತದಲ್ಲ ಎಂದು ಹೆದರಿದೆ. ಅಕ್ಕನ ಸೆರಗು ಹಿಡಿದು ಪಿಸುಗುಟ್ಟಿದೆ: “ಅಕ್ಕಾ, ನಾ ಓದೂದಿಲ್ಲ. ಫೀ ರೊಕ್ಕ ಇನ್ನೂ ಮನ್ಯಾಗ ಐತಿ. ಈಗ ಮಂದಿ ಕಳಿಸಿ ಸೀರಿ ತರಸೂಣು.”

“ನೀ ಸುಮ್ನ ನಿಂದರು,” ಎಂದು ಅಕ್ಕ ಸೆರಗು ಬಿಡಿಸಿಕೊಂಡು ಬೀಗತಿಯ ಕಡೆ ತಿರುಗಿದಳು. ಅವಳ ದನಿ ಸಂತೆಯಲ್ಲಿ ಮಾತಾಡುವಷ್ಟೇ ಇತ್ತು, ಒಂದಿಷ್ಟೂ ಏರಲಿಲ್ಲ.

“ಬೀಗ್ತ್ಯಾರ, ನಿಮಗ ಕೊಡಬೇಕಾದ ಆಯೇರಿ ರೊಕ್ಕ ಈಕಿ ಫೀಗೆ ಹೊಂಟೈತ್ರಿ. ನಾಳೆ ಈಕಿ ಸಾಲಿ ಕಲಸೂ ಬಾಯಾರು ಆಗ್ತಾಳ. ಇದನ್ನ ಮುಚ್ಚಿಟ್ಟು ನಿಮಗ ಸುಳ್ಳ ಹೇಳಂಗಿಲ್ಲ. ಈಗ ನೀವೂ ಖರೆ ಹೇಳ್ರಿ. ನಿಮ್ಮ ಟ್ರಂಕಿನ್ಯಾಗ ಆಯೇರಿ ಸೀರಿ ಎಷ್ಟ ಅದಾವು? ಅದರಾಗ ನೀವು ಉಟ್ಟದ್ದು ಎಷ್ಟ?”

ಉತ್ತರ ಕೊಟ್ಟವರು ಜಮಖಾನೆಯ ತುದಿಯಲ್ಲಿ ಕೂತಿದ್ದ ಬೀಗತಿಯ ಅತ್ತೆ, ಹಲ್ಲಿಲ್ಲದ ಮುದುಕಿ. “ಉಡೂದೆಲ್ಲಿ ಬಂತವಾ! ನನ್ನ ಟ್ರಂಕಿನ್ಯಾಗ ಇಲಿ ಬಾಣಂತನ ಮಾಡಾಕತ್ತಾವು!” ಎಂದಿತು ಮುದುಕಿ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ಸಾಲಿನುದ್ದಕ್ಕೂ ಹಬ್ಬಿತು. ಸ್ವಂತ ಅತ್ತೆಯೇ ಹಾಗೆಂದ ಮೇಲೆ ಬೀಗತಿ ಏನು ಮಾಡಿಯಾರು? ಸೊಸೆಯನ್ನು ಕರೆದುಕೊಂಡು ಹೋದರು. ಆದರೆ ಗಾಡಿ ಹತ್ತುವಾಗ ಅಕ್ಕನ ಮುಖ ನೋಡಲಿಲ್ಲ.

ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಾಗಿರಲಿಲ್ಲ. ಸೊಸೆಯನ್ನು ಬೀಗತಿ ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಸುಳ್ಳಾಡುವಂತಿಲ್ಲ. ಆದರೆ ಬಸುರಿಗೆ ಮಾಡುವ ಕುಬಸದ ಕಾರ್ಯವಿರಲಿ, ತೊಟ್ಟಿಲ ಕಾರ್ಯವಿರಲಿ, ನಮ್ಮ ಮನೆಗೆ ಬಂದಾಗಲೆಲ್ಲ ಹಟಕ್ಕೆ ಬಿದ್ದು ಅಕ್ಕನಿಗೊಂದು ಭಾರಿ ಸೀರೆ ತರುತ್ತಿದ್ದರು. ನಾಲ್ಕು ಜನ ನೋಡುವಂತೆ ಉಡಿಯಲ್ಲಿ ಹಾಕಿ, “ನಮಗ ಕೊಡೂ ಶಕ್ತಿ ಐತ್ರೀ” ಎನ್ನುತ್ತಿದ್ದರು. ಅಕ್ಕ ನಗುತ್ತ ಇಸಿದುಕೊಂಡು, ಅವರು ಹೊರಡುವಾಗ ಅದೇ ಸೀರೆಯಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಅವರ ಕೈಗೇ ಕೊಡುತ್ತಿದ್ದಳು. “ರೊಟ್ಟಿ ತಿನ್ರಿ, ಸೀರಿ ಉಡ್ರಿ. ಎರಡೂ ಇಟ್ಟರ ಕೆಡತಾವು.”

ನಾನು ಬಿ.ಎಡ್. ಮುಗಿಸಿ, ಒಂದೆರಡು ಕಡೆ ಅರೆಪಗಾರಕ್ಕೆ ದುಡಿದು, ಕೊನೆಗೆ ಬೀಳಗಿ ತಾಲೂಕಿನ ಸರಕಾರಿ ಶಾಲೆಯೊಂದಕ್ಕೆ ಸೇರಿದೆ. ಅದಾದ ಮೇಲೆ ನಮ್ಮ ಎರಡು ಮಗ್ಗಗಳು ಹಳೆಯ ಕಬ್ಬಿಣದ ದರಕ್ಕೆ ಹೋದವು. ಉಳಿದ ಎರಡು ಒಂದು ತಿಂಗಳು ನಡೆದರೆ ಒಂದು ತಿಂಗಳು ನಿಲ್ಲುತ್ತಿದ್ದವು. ಮನೆ ಮಾತ್ರ ನಿಲ್ಲಲಿಲ್ಲ. ಮಗ್ಗದ ಸಪ್ಪಳವಿಲ್ಲದ ದಿನ ಭಾವ ಹೊರಗಿನ ಕಟ್ಟೆಯ ಮೇಲೆ ಸಪ್ಪಗೆ ಕೂತಿದ್ದರೆ ಅಕ್ಕ ನನ್ನ ಬಸ್ಸಿನ ಹೊತ್ತಿಗೆ ಸರಿಯಾಗಿ ರೊಟ್ಟಿಯ ಡಬ್ಬಿ ಕೈಗಿಡುತ್ತ, ಅವರಿಗೆ ಕೇಳುವಂತೆ “ನಮ್ಮ ದೊಡ್ಡ ಮಗ್ಗ ಚಾಲೂ ಆತು ನೋಡ್ರಿ” ಎನ್ನುತ್ತಿದ್ದಳು. ನಾನು ಪಡೆದ ಯಾವ ಸರ್ಟಿಫಿಕೇಟೂ ಆ ಮಾತಿಗೆ ಸಮವಲ್ಲ.

ಹೋದ ವರ್ಷ ಅಕ್ಕ ಹೋದಳು. ಸಂಜೆ ಎದೆ ಹಿಡಿದುಕೊಂಡಿತೆಂದಳು, ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುತ್ತೈದೆ ಹೋದರೆ ನೆಂಟರು ಹೊಸ ಸೀರೆ ತಂದು ಮೈಮೇಲೆ ಹೊದಿಸುವುದು ನಮ್ಮಲ್ಲಿ ಪದ್ಧತಿ. ರಬಕವಿಯ ನೆಂಟರು ತಂದರು, ಜಮಖಂಡಿಯಿಂದ ನನ್ನ ತವರಿನವರು ತಂದರು, ಓಣಿಯವರು ತಂದರು. ಬದುಕಿದ್ದಾಗ ಹೊಸದನ್ನು ಉಡದವಳ ಮೇಲೆ ಸೀರೆಯ ಮೇಲೆ ಸೀರೆ ಬೀಳುತ್ತಿತ್ತು. ಬೇಡವೆಂದು ಕೂಗಬೇಕೆನಿಸುತ್ತಿತ್ತು.

ಮಧ್ಯಾಹ್ನ ಮುಧೋಳದವರ ಗಾಡಿ ಬಂತು. ಜನ ಸರಿದು ದಾರಿ ಬಿಟ್ಟರು. ಬೀಗತಿಯ ಕೈಯಲ್ಲಿ ಎಂಥ ಸೀರೆ ಇರುತ್ತದೋ ಎಂದು ಎಲ್ಲರ ಕಣ್ಣೂ ಅಲ್ಲೇ. ಅವರ ಕೈಯಲ್ಲಿ ಏನೂ ಇರಲಿಲ್ಲ. ಹೆಣದ ಮುಂದೆ ಕುಸಿದು ಕೂತು, ಎರಡೂ ಅಂಗೈ ಬಿಚ್ಚಿ ಅಕ್ಕನ ಮುಖದೆದುರು ಹಿಡಿದರು.

“ನೋಡವಾ, ಈ ಸಲ ಏನೂ ತಂದಿಲ್ಲ ನಾ. ನೀ ಗೆದ್ದಿ, ಯವ್ವಾ, ನೀನ ಗೆದ್ದಿ!”

ಬರಿಗೈಯಲ್ಲಿ ಬಂದರಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಬೀಗತಿ ಅಳುತ್ತಲೇ ತಟ್ಟನೆ ತಿರುಗಿ, ಪಕ್ಕದಲ್ಲಿದ್ದ ನನ್ನ ರಟ್ಟೆ ಹಿಡಿದು ಜನರ ಮುಂದೆ ಎಳೆದರು.

“ನಂದು ಇಲ್ಲಿ ಐತಿ ನೋಡ್ರಿ! ನನಗ ಬರಬೇಕಾದ ಆಯೇರಿ ಈಕಿ. ನನ್ನ ಸೀರಿ ರೊಕ್ಕದಾಗ ಬಾಯಾರಾಗ್ಯಾಳ, ಈ ಮನಿ ನಡಸಾಕತ್ತಾಳ. ನಿಮ್ಮ ಒಂದರ ಸೀರಿ ಇಷ್ಟ ದಿನ ಬಾಳಿಕಿ ಬಂದೈತೇನು?”

ನಾನು ಹೌದೆಂದು ತಲೆಯಾಡಿಸಿದೆ, ಅವರ ಹೆಗಲ ಮೇಲೆ ಮುಖವಿಟ್ಟು ಅತ್ತೆ.