ನಾಲ್ಕನೇ ಮಗ್ಗಲು

ಹಿಮಾಲಯದ ಒಂದು ಇಳಿಜಾರಿನಲ್ಲಿ ಭಾಲ್ಕಿಯ ಮದುವೆ ಶಾಮಿಯಾನ ನಿಂತಿದೆ. ಕೆಂಪು ಬಟ್ಟೆ, ಅದರ ತುಂಬ ಹಳದಿ ಹೂವು, ಅಂಚಿಗೆ ಬಣ್ಣ ಬಿಟ್ಟ ಝಾಲರು. ಅದರ ಬಾಯಲ್ಲಿ ಮಡಚುವ ಕಬ್ಬಿಣದ ಕುರ್ಚಿ ಹಾಕಿಕೊಂಡು, ಉಣ್ಣೆ ಟೋಪಿಯ ಮೇಲೆ ಮತ್ತೊಂದು ಟವೆಲ್ ಸುತ್ತಿಕೊಂಡು ವೈಜಿನಾಥ ಕಾಕಾ ಕೂತಿದ್ದಾರೆ. ಎದುರಿಗೆ ಏನೂ ಇಲ್ಲ. ಬರೀ ಮಂಜು.

ಕಾಕಾ ಎಂದಕೂಡಲೇ ನನಗೆ ಕಾಣುವುದು ಇದು. ಆದರೆ ಇದನ್ನು ನಾನು ಪೂರ್ತಿ ನಂಬುವುದಿಲ್ಲ. ನಮ್ಮ ಜೊತೆ ಬಂದಿದ್ದ ಡ್ರೈವರ್ ಇಸ್ಮಾಯಿಲ್‌ನ ಫೋನಿನಲ್ಲಿ ಆ ಜಾಗದ ಒಂದು ಫೋಟೋ ಇದೆ. ಅದರಲ್ಲಿ ಹೂವು ಹಳದಿಯಲ್ಲ, ಬಿಳಿ. ಕುರ್ಚಿ ಕಬ್ಬಿಣದ್ದಲ್ಲ, ಪ್ಲಾಸ್ಟಿಕ್ಕಿನದು ಎಂದು ಅವನು ವಾದಿಸುತ್ತಾನೆ. ಕೇಳಿ ತಿದ್ದಿಕೊಳ್ಳೋಣವೆಂದರೆ ಕಾಕಾ ಹೋಗಿ ವರ್ಷವಾಗುತ್ತ ಬಂತು. ಆದ್ದರಿಂದ ನನ್ನ ಹಳದಿ ಹೂವುಗಳನ್ನು ಹಾಗೇ ಬಿಟ್ಟು ಬರೆಯುತ್ತಿದ್ದೇನೆ.

ಭಾಲ್ಕಿಯ ಬಸ್ ನಿಲ್ದಾಣದ ಹಿಂದೆ ಅವರ ಟೆಂಟ್ ಹೌಸ್ ಇತ್ತು. ನಮ್ಮ ಅಪ್ಪನ ಗೆಳೆಯರು. ಬೀದರಿನಲ್ಲಿ ನಮ್ಮ ಮನೆಯ ಪ್ರತಿ ಕಾರ್ಯಕ್ಕೂ ಅವರದೇ ಶಾಮಿಯಾನ ಬರುತ್ತಿತ್ತು, ಅಪ್ಪ ತೀರಿಕೊಂಡಾಗ ಕೂಡ. ಗೂಟ ಹೊಡೆದ ಮೇಲೆ ಹಗ್ಗವನ್ನು ಬೆರಳಿನಿಂದ ಮೀಟಿ ಕಿವಿಗೊಡುವುದು, ಬಟ್ಟೆಯ ಮಡಿಕೆ ಬಿಚ್ಚಿದಾಗ ಮೂಸಿ ನೋಡುವುದು, ಯಾವ ಮನೆಯಲ್ಲಿ ಸಾರು ಚೆಲ್ಲಿದ್ದು ಎಂದು ಆ ಮನೆಯವರಿಗೇ ನೆನಪಿಸಿ ಅವರ ಮುಖ ಕಪ್ಪಾಗಿಸುವುದು ಅವರ ರೂಢಿ. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಸೊರಗಿದ ಮುಖ ಹೊತ್ತು ಅಂಗಡಿಗೆ ಹೋದಾಗ ಮೇಲಿಂದ ಕೆಳಗೆ ನೋಡಿ ಹೇಳಿದ್ದರು, "ನಿನ್ನ ಮದುವಿ ಶಾಮಿಯಾನ ಇನ್ನಾ ಹರಿದಿಲ್ಲ ತಮ್ಮಾ. ನೀ ಯಾಕ ಇಷ್ಟು ಲಗೂ ಹರಿದಿ?"

ಅವರ ಶಾಮಿಯಾನಕ್ಕೆ ಒಂದು ಕಟ್ಟಳೆ ಇತ್ತು. ಮೂರು ಮಗ್ಗಲಿಗೆ ಮಾತ್ರ ಕನಾತು, ಅಂದರೆ ಬಟ್ಟೆಯ ಗೋಡೆ. ನಾಲ್ಕನೇ ಮಗ್ಗಲು ತೆರೆದೇ ಇರಬೇಕು. ಔರಾದಿನ ಒಂದು ಮದುವೆಯಲ್ಲಿ ಬೇಸಿಗೆಯ ಗಾಳಿ ಎದ್ದು ಊಟದ ಎಲೆಯ ಮೇಲೆಲ್ಲ ಧೂಳು ಬೀಳತೊಡಗಿತ್ತು. ಹೆಣ್ಣಿನ ಅಣ್ಣ ಬಂದು ಆ ಮಗ್ಗಲನ್ನೂ ಕಟ್ಟಿ ಎಂದು ಕೂಗಾಡಿದ. ಕಾಕಾ ಕನಾತು ತಂದಿಲ್ಲ ಎಂದುಬಿಟ್ಟರು. ಅದರ ಮೇಲೇ ಕೂತಿದ್ದರು. ಆಮೇಲೆ ನಾನು ಕೇಳಿದಾಗ ಸಿಟ್ಟಿನಿಂದಲೇ ಹೇಳಿದರು, "ಕರೀದೇ ಉಣ್ಣಾಕ ಬರೋರು ಇರ್ತಾರ. ಅವರು ಕನಾತು ಎತ್ತಿ, ಬಗ್ಗಿ, ಕಳ್ಳರ ಹಂಗ ಒಳಗ ಬರಬೇಕೇನು?" ಈ ಮಾತು ಅಲ್ಲಿಯೇ ಆಡಿದ್ದೋ, ಎಷ್ಟೋ ವರ್ಷದ ಮೇಲೆ ಅಂಗಡಿಯಲ್ಲಿ ಆಡಿದ್ದೋ ಖಚಿತವಿಲ್ಲ. ಸಿಟ್ಟು ಮಾತ್ರ ಖಚಿತ.

ಮದುವೆಯ ವೇದಿಕೆಗೆ ಅವರ ಹತ್ತಿರ ಒಂದು ಹಿಂಪರದೆ ಇತ್ತು. ಹೈದರಾಬಾದಿನಿಂದ ತಂದದ್ದು. ಅದರ ಮೇಲೆ ಒಂದು ಹಿಮದ ಪರ್ವತ, ಕೆಳಗೆ ನೀಲಿ ಕೆರೆ. ನಮ್ಮ ಕಡೆ ಗುಡ್ಡವೆಂದರೆ ಕೆಂಪು ಕಲ್ಲಿನ ದಿಬ್ಬ, ಹತ್ತಿ ಇಳಿದರೂ ಉಸಿರು ಬದಲಾಗುವುದಿಲ್ಲ. ಅಂಥ ಸೀಮೆಯಲ್ಲಿ ಎಷ್ಟೋ ಮದುವೆಗಳು ಆ ಹಿಮದ ಮುಂದೆ ಆದವು. ನನ್ನ ಮದುವೆಯ ಫೋಟೋದಲ್ಲಿ ಆ ಶಿಖರ ನನ್ನ ಹೆಂಡತಿಯ ತಲೆಯಿಂದಲೇ ಮೊಳೆತ ಕೋಡಿನ ಹಾಗೆ ಎದ್ದಿದೆ.

ಭಾತಂಬ್ರಾದ ಮದುವೆಯೊಂದರಲ್ಲಿ ಯಾರದೋ ಮುದುಕ ಅಜ್ಜ ಆ ಪರದೆಯ ಮುಂದೆ ಬಹಳ ಹೊತ್ತು ನಿಂತು, ಇದು ಎಲ್ಲಿಯ ಗುಡ್ಡ ಎಂದು ಕೇಳಿದರಂತೆ. ಕಾಕಾ ಹಿಮಾಲಯ ಎಂದರು. ಅಜ್ಜ ಅಷ್ಟಕ್ಕೇ ಬಿಡದೆ, "ನೀ ನೋಡಿದಿ? ಹಿಂಗೇ ಅದ?" ಎಂದರು. ಕಾಕಾ ಅವರ ಕೈಹಿಡಿದು ಊಟದ ಪಂಕ್ತಿಗೆ ಕರೆದುಕೊಂಡು ಹೋದರಂತೆ. ಈ ಕತೆಯನ್ನು ಅವರು ನಗುತ್ತ ಶುರು ಮಾಡಿ, ಪ್ರತಿ ಸಲವೂ ನಗದೆ ಮುಗಿಸುತ್ತಿದ್ದರು.

ಆಮೇಲೆ ಕಣ್ಣು ಕೆಟ್ಟವು. ಹೈದರಾಬಾದಿನ ಡಾಕ್ಟರು ಹೇಳಿದ್ದೇನೆಂದರೆ, ನೋಟ ಅಂಚಿನಿಂದ ಒಳಗೆ ಒಣಗುತ್ತ ಬರುತ್ತಿದೆ, ನಡುವೆ ಇನ್ನಷ್ಟು ದಿನ ಉಳಿದೀತು, ಹೋದದ್ದು ತಿರುಗಿ ಬರುವುದಿಲ್ಲ. ಕಾಕಾ ಯಾರನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ತಿರುಗಿಸಿ ತಿರುಗಿಸಿ, ಮೂಗು ಒಮ್ಮೆ, ಕಿವಿ ಒಮ್ಮೆ ಹುಡುಕತೊಡಗಿದರು. ಒಂದು ದಿನ ನನಗೆ ಫೋನು ಮಾಡಿ, ಹಿಮಾಲಯಕ್ಕೆ ಹೋಗುತ್ತಿದ್ದೇವೆ, ಶಾಮಿಯಾನ ಹಿಡಿಯಲು ಒಂದು ಆಳು ಬೇಕು, ಬಾ ಎಂದರು. ಎಲ್ಲವನ್ನೂ ನಿರ್ಧರಿಸಿ ಆಗಿತ್ತು. ಲಾಡ್ಜು ಬೇಡ, ಊರೂರಿಗೆ ಶಾಮಿಯಾನ ಕಟ್ಟಿದವನು ಒಂದು ದಿನವಾದರೂ ತನ್ನ ಬಟ್ಟೆಯ ಕೆಳಗೆ ಮಲಗಬೇಕು. ಹೆಂಡತಿ ಕಸ್ತೂರಬಾಯಿ ಕಾಕು ಬರುತ್ತಾರೆ. ಗಾಡಿ ಔರಾದಿನ ಇಸ್ಮಾಯಿಲ್‌ನ ಕ್ರೂಸರ್.

ಇಸ್ಮಾಯಿಲ್ ಔರಾದಿಗೂ ಬೀದರಿಗೂ ನಡುವೆ ಸೀಟು ತುಂಬಿಸಿ ಓಡಿಸುವವನು. ಮೂರೇ ಜನರನ್ನು ಕೂರಿಸಿಕೊಂಡು ಹೋಗುವುದು ಅವನಿಗೆ ನಾಚಿಕೆಯೆನಿಸುತ್ತಿತ್ತು. ನಾಂದೇಡ, ನಾಗಪುರ ದಾಟುವವರೆಗೂ ರಸ್ತೆಬದಿ ನಿಂತವರನ್ನು ಕಂಡರೆ ಅವನ ಕಾಲು ತಾನೇ ಬ್ರೇಕಿಗೆ ಹೋಗುತ್ತಿತ್ತು. ಹಿಂದಿನ ಸೀಟು ತೆಗೆದು ಬಂಬು, ಹಗ್ಗ, ಗೂಟ, ಸ್ಟೋವು ಪೇರಿಸಿದ್ದೆವು. ಕಡಕ್ ರೊಟ್ಟಿಯ ಗಂಟು ಕಾಕು ತೊಡೆಯ ಮೇಲಿಂದ ಇಳಿಸಲಿಲ್ಲ.

ಕುಮಾಊಂನ ಬೆಟ್ಟಗಳು ಶುರುವಾದ ಮೇಲೆ ಕಾಕಾ ಕಿಟಕಿಯ ಪಕ್ಕ ಕೂತರು. ಕಾಕು ಹಿಂದಿನಿಂದ ಹೇಳುತ್ತ ಹೋದರು, ಎಡಕ್ಕೆ ನೀರು ಬೀಳಲತ್ತದ್ರಿ, ಬಲಕ್ಕೆ ತೂಗು ಸೇತುವಿ ಅದರಿ, ಕೆಳಗ ಹೊಳಿ ಅದರಿ, ನೋಡಬ್ಯಾಡ್ರಿ ಅಂಜಿಕಿ ಬರ್ತದ. ಕಾಕಾ ಕತ್ತು ತಿರುಗಿಸಿ ಹುಡುಕುವಷ್ಟರಲ್ಲಿ ತಿರುವು ಬಂದು ಜಲಪಾತ ಹಿಂದೆ ಬೀಳುತ್ತಿತ್ತು. ನಿಲ್ಲಿಸು ಎನ್ನುತ್ತಿದ್ದರು. ನಿಲ್ಲಿಸಿದರೆ ಇಳಿದು, ರಸ್ತೆಯ ಕಟ್ಟೆಗೆ ಕೈಕೊಟ್ಟು, ನೀರನ್ನು ಮೇಲಿನಿಂದ ಕೆಳಗೆ ತುಂಡು ತುಂಡಾಗಿ ನೋಡುತ್ತಿದ್ದರು. ನೋಡಿದ್ದು ಆಯಿತು ಎನಿಸಿದಾಗ ತಲೆ ಅಲ್ಲಾಡಿಸಿ ಬಂದು ಕೂರುತ್ತಿದ್ದರು. ಇಂಥ ನಿಲುಗಡೆಗಳು ಬಹಳ ಇದ್ದವು. ಎಲ್ಲವೂ ನನ್ನ ತಲೆಯಲ್ಲಿ ಸೇರಿ ಈಗ ಒಂದೇ ಜಲಪಾತವಾಗಿದೆ.

ಅಲ್ಮೋಡಾ ದಾಟಿ ಒಂದು ಹಳ್ಳಿಯ ಮೇಲಿನ ಹುಲ್ಲುಗಾವಲಿನಲ್ಲಿ, ಹೊಲದವನನ್ನು ಕೇಳಿಕೊಂಡು, ಶಾಮಿಯಾನ ಹಾಕಿದೆವು. ಹಿಮದ ಸಾಲು ಇಲ್ಲಿಂದಲೇ ಎದುರಿಗೆ ಎಂದು ಅವನು ಮಂಜಿನ ಕಡೆ ಬೆರಳು ತೋರಿಸಿದ. ಕಾಕಾ ಆ ಬೆರಳಿನ ದಿಕ್ಕನ್ನು ಹಿಡಿದು ಗೂಟ ಹೊಡೆಸಿದರು. ನಾಲ್ಕನೇ ಮಗ್ಗಲು ಆ ಕಡೆಗೆ. ಚಳಿಗೆಂದು ತಂದಿದ್ದ ನಾಲ್ಕನೇ ಕನಾತನ್ನು ಮೇಲೆ ಸುತ್ತಿ ಕಟ್ಟಿದ್ದಾಯಿತು. ಚಳಿ ನೇರ ಒಳಗೆ ಬರುತ್ತಿತ್ತು. ಇಸ್ಮಾಯಿಲ್ ನಡುಗುತ್ತ ಕೇಳಿದ.

"ಕಾಕಾ, ಇಲ್ಲಿ ಯಾರ್ ಬರ್ತಾರ್ರಿ? ಬಂದ್ರ ಕರಡಿ ಬರ್ತದಷ್ಟೇ."

"ಗುಡ್ಡ ಬರ್ತದಲೇ," ಎಂದರು ಕಾಕಾ. "ಮಂಜ ಸರಿದ್ರ ಒಳಗ ಬರಾಕ ಅದಕ ದಾರಿ ಬ್ಯಾಡೇನು?"

ಗುಡ್ಡ ಬರಲಿಲ್ಲ. ಮರುದಿನವೂ ಇಲ್ಲ. ಕಾಕಾ ಬೆಳಕಾಗುವ ಮೊದಲೇ ಎದ್ದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಏನಾದರೂ ಕಂಡಿತೇ ಎಂದು ಆಗಾಗ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆವು. ಅದು ನಿಜವೇ ಇತ್ತು. ಬಟ್ಟೆ ತೇವ ಕುಡಿದು ಜೋತುಬಿದ್ದಿತ್ತು, ರೊಟ್ಟಿ ಮೆತ್ತಗಾಗಿತ್ತು. ನಾಳೆ ಹೊರಡಲೇಬೇಕು ಎಂದು ಇಸ್ಮಾಯಿಲ್ ಹೇಳಿದಾಗ ಕಾಕಾ ಆಯಿತು ಎಂದರು.

ಹೊರಡುವ ದಿನ ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಶಾಮಿಯಾನದ ಒಳಗೆಲ್ಲ ಒಂದು ಬೆಳಕು ತುಂಬಿತ್ತು. ತೆರೆದ ಮಗ್ಗಲಿನ ಪೂರ್ತಿ ಅಗಲಕ್ಕೂ ಹಿಮದ ಪರ್ವತ ನಿಂತಿತ್ತು. ನಡುವೆ ಏನೂ ಇರಲಿಲ್ಲ. ಮಂಜು ಕೆಳಗಿನ ಕಣಿವೆಯಲ್ಲಿ ಬಿದ್ದುಕೊಂಡಿತ್ತು. ಹೊರಗೆ ಇಸ್ಮಾಯಿಲ್ ಫೋನು ಕೈಯಲ್ಲಿ ಹಿಡಿದು ಅದನ್ನು ಮರೆತು ನಿಂತಿದ್ದ. ಕಾಕು ಸ್ಟೋವಿನ ಮುಂದೆ ಕಡ್ಡಿ ಗೀರಿ, ಅದು ಬೆರಳಿನ ತನಕ ಉರಿದರೂ ಹಚ್ಚಿರಲಿಲ್ಲ.

ಕಾಕಾ ಕುರ್ಚಿಯಲ್ಲಿದ್ದರು. ಮುಖ ನೇರ ಪರ್ವತದ ಕಡೆಗಿತ್ತು. ಕಣ್ಣು ತೆರೆದಿದ್ದವು. ಅವರು ಕೇಳಿದರು, "ಇವತ್ತೂ ತೆರೀಲಿಲ್ಲಲ್ಲ?"

ಬೆಳಗಿನ ಬಿಳಿ ಆಕಾಶದಿಂದ ಬಿಳಿ ಹಿಮವನ್ನು ಬೇರೆ ಮಾಡುವಷ್ಟು ನೋಟ ಆ ಕಣ್ಣುಗಳಲ್ಲಿ ಉಳಿದಿರಲಿಲ್ಲ. ಇಷ್ಟು ದೂರ ಬಂದದ್ದು ತಡವಾಗಿ. ಅದನ್ನು ಅವರಿಗೆ ಹೇಳಬೇಕಾದವರು ನಾವು ಮೂವರೇ ಇದ್ದೆವು. ಇಸ್ಮಾಯಿಲ್ ಬಾಯಿ ತೆರೆದ. ಕಾಕು ಅವನ ಕಡೆ ಒಮ್ಮೆ ನೋಡಿದರು.

"ಇಲ್ಲರಿ," ಎಂದರು ಕಾಕು. "ಇನ್ನಾ ಮಂಜೇ ಅದ."

ಹಾಲು ಇನ್ನೂ ಉಕ್ಕಿಲ್ಲ ಎನ್ನುವ ಧ್ವನಿಯಲ್ಲಿ ಹೇಳಿದರು. ಎಳೆಬಿಸಿಲು ಕಾಕಾನ ಮೊಣಕಾಲಿನ ತನಕ ಬಂದಿತ್ತು. ಅವರು ಆ ಬಿಸಿಲಿನ ಮೇಲೆ ಅಂಗೈ ಇಟ್ಟರು. ಆಮೇಲೆ ಎದ್ದು, ಥಂಡಿ ಭಾಳ ಅದ ಎಂದು, ಮೇಲೆ ಸುತ್ತಿದ್ದ ನಾಲ್ಕನೇ ಕನಾತಿನ ಗಂಟನ್ನು ತಡಕಿ ಬಿಚ್ಚಿ, ಕೆಳಗಿಳಿಸಿ, ಎರಡೂ ತುದಿಗಳನ್ನು ಬಂಬಿಗೆ ಕಟ್ಟಿದರು. ಒಳಗೆ ಕೆಂಪು ಕತ್ತಲೆಯಾಯಿತು.

ಅವರು ನಾಲ್ಕನೇ ಮಗ್ಗಲು ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಂಜು ಸರಿದದ್ದು ಅವರಿಗೆ ತಿಳಿದುಬಿಟ್ಟಿತ್ತೆಂದು ನನಗೆ ಅನಿಸಿತು. ಆದರೆ ಕಾಕು ಹೇಳುವ ಪ್ರಕಾರ ಗಾಳಿಗೆ ಸ್ಟೋವು ಹತ್ತುತ್ತಿರಲಿಲ್ಲ, ಅದಕ್ಕೆ ಕಟ್ಟಿದರು. ಇಸ್ಮಾಯಿಲ್ ಕಟ್ಟಿದವನು ತಾನೇ ಎನ್ನುತ್ತಾನೆ, ಅವನ ಕೈಗೆ ಹಗ್ಗದ ಒರಟು ನೆನಪಿದೆಯಂತೆ. ಮೊಣಕಾಲಿನ ಮೇಲಿನ ಆ ಅಂಗೈಯನ್ನು ನನ್ನನ್ನು ಬಿಟ್ಟರೆ ಉಳಿದಿಬ್ಬರೂ ನೋಡಿಲ್ಲ. ಅದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಇಸ್ಮಾಯಿಲ್ ಅಂದು ತೆಗೆದ ಆ ಫೋಟೋ ಮಾತ್ರ ಹೇಳುವಷ್ಟು ಹೇಳುತ್ತದೆ. ಓರೆಯಾಗಿ ತೆಗೆದದ್ದು, ಒಂದು ಕಡೆ ಪರ್ವತ, ಇನ್ನೊಂದು ಕಡೆ ನಾಲ್ಕನೇ ಮಗ್ಗಲೂ ಮುಚ್ಚಿದ ಮದುವೆ ಶಾಮಿಯಾನ. ಮನುಷ್ಯರು ಯಾರೂ ಇಲ್ಲ. ಹಗ್ಗ ಕಟ್ಟಿದ್ದು ಒಳಗಿನಿಂದ, ಫೋಟೋ ತೆಗೆದದ್ದು ಹೊರಗಿನಿಂದ, ಎರಡೂ ನೀನೇ ಹೇಗೆ ಎಂದು ಕೇಳಿದರೆ ಇಸ್ಮಾಯಿಲ್ ಸಿಟ್ಟಾಗುತ್ತಾನೆ.

ಇಳಿಯುವ ದಾರಿಯಲ್ಲಿ ಕಾಕಾ ಎಲ್ಲಿಯೂ ಗಾಡಿ ನಿಲ್ಲಿಸು ಎನ್ನಲಿಲ್ಲ. ಕಾಕುವೂ ಎಡಕ್ಕೆ ಬಲಕ್ಕೆ ಎಂದು ಹೇಳಲಿಲ್ಲ. ಭಾಲ್ಕಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಕಾಕಾ, ಭಾಳ ಮಂಜ ಇತ್ತು, ಮುಂದಿನ ಸಲ ನೋಡಾಮಿ ಎಂದರು. ಚಳಿಗಾಲ ಮುಗಿಯುವುದರೊಳಗೆ ನಡುವಿನ ನೋಟವೂ ಹೋಯಿತು. ಟೆಂಟ್ ಹೌಸನ್ನು ಬೇರೆಯವರಿಗೆ ಕೊಟ್ಟರು. ಆ ಹಿಂಪರದೆ ಮಾತ್ರ ಕೊಡಲಿಲ್ಲ. ಬಣ್ಣ ಹೋಗಿದ್ದರಿಂದ ತೆಗೆದುಕೊಂಡವರಿಗೂ ಅದು ಬೇಕಿರಲಿಲ್ಲ.

ಕಡೆಯ ಸಲ ನಾನು ಹೋದಾಗ ಅದನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಇಳಿದುಹೋಗಿದ್ದರು. ದನಿ ಗುರುತು ಹಿಡಿದು ನನ್ನ ಮುಖವನ್ನು ಬಿಟ್ಟು ನನ್ನ ಭುಜದ ಕಡೆ ನಕ್ಕರು. ಕಾಕು ಅಡುಗೆ ಮನೆಯಲ್ಲಿ ಚಹಾಕ್ಕೆ ಇಟ್ಟಿದ್ದರು. ಅದೂ ಇದೂ ಮಾತಾಡಿದೆವು. ಮನ್ನಳ್ಳಿಯ ಯಾರದೋ ಮದುವೆಯಲ್ಲಿ ಹೊಸ ಹುಡುಗರು ಶಾಮಿಯಾನದ ನಾಲ್ಕೂ ಕಡೆ ಕಟ್ಟಿ ಬಾಗಿಲಿಗೆ ಆಳು ನಿಲ್ಲಿಸಿದ್ದರೆಂದು ಬೇಸರ ಮಾಡಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ, ದನಿ ತಗ್ಗಿಸದೆ, ಕೇಳಿದರು.

"ಆ ಹೊರಡೋ ದಿನ ಮುಂಜಾನಿ ಮಂಜ ಹ್ಯಾಂಗಿತ್ತು, ಹೇಳು."

ಒಳಗೆ ಬೋಗುಣಿಯ ಸದ್ದು ನಿಂತಿತು. ಅವರ ಮುಖದಲ್ಲಿ ನನಗೆ ಏನೂ ತಿಳಿಯಲಿಲ್ಲ. ಪರದೆಯ ಅಂಚಿನ ಹೊಲಿಗೆಯ ಮೇಲೆ ಬೆರಳು ಆಡುತ್ತಿತ್ತು.

ನಾನು ಹೇಳಿದೆ. ಮಂಜು ಬಹಳ ಎತ್ತರಕ್ಕಿತ್ತು ಎಂದೆ. ಮೇಲಕ್ಕೆ ಹೋಗುತ್ತ ಚೂಪಾಗಿತ್ತು. ಮಡಿಕೆ ಮಡಿಕೆಯಾಗಿ, ಒಗೆದು ಹಿಂಡಿ ಇಟ್ಟ ಧೋತರದ ಹಾಗೆ, ಮಡಿಕೆಗಳ ಒಳಗೆ ನೀಲಿ. ಬಿಸಿಲು ಮೊದಲು ತುದಿಗೆ ಬಿದ್ದು ಅರಿಷಿಣ ಹಚ್ಚಿದ ಹಾಗಾಯಿತು, ಆಮೇಲೆ ಬೆಳ್ಳಗಾಯಿತು. ಎಡಕ್ಕೆ ಒಂದು ದೊಡ್ಡದು, ಬಲಕ್ಕೆ ಸ್ವಲ್ಪ ಸಣ್ಣದು, ಹೀಗೆ ಎರಡು ಮಂಜು ಇದ್ದವು ಎಂದೆ.

ಅಡುಗೆ ಮನೆಯಿಂದ ಕಾಕು ಹೇಳಿದರು, "ನಡುವಿಂದು ಬಿಟ್ಟಿ ನೀ. ಮೂರು ಇದ್ದವು."

ಚಹಾ ಉಕ್ಕಿ ಸ್ಟೋವಿನ ಮೇಲೆ ಸುರಿದ ವಾಸನೆ ಬಂತು. ಕಾಕಾ ಪರದೆಯ ಮೇಲೆ ಅಂಗೈ ಊರಿ, ಬಟ್ಟೆಯನ್ನು ನಿಧಾನವಾಗಿ ಸವರಿದರು.

"ಮೂರು," ಎಂದರು. "ನಮ್ಮ ಪರದೆದಾಗ ಒಂದೇ ಅದ ನೋಡು."