ಮಾರೈಕೆ ಅವರ ಅಣ್ಣನ ಗ್ಲೌಸ್

ಗೆಳೆಯರೇ, ಹಳೇ ಫೋಟೊಗಳಲ್ಲಿ ಬೇಸ್‌ಬಾಲ್ ಆಟಗಾರರ ಗ್ಲೌಸ್ ನೋಡಿ ಅದು ಯಾವ ಕಾಲದ್ದೆಂದು ಹೇಳುವ ಹುಚ್ಚು ನನಗಿದೆ. ಇಂದು ಬೆಳಿಗ್ಗೆ, ಇಲ್ಲಿ ಡಚ್ಚರ ಊರಾದ ಹೂಫ್‌ಡಾರ್ಪ್‌ನಲ್ಲಿ ನಮ್ಮ ಪಕ್ಕದ ಮನೆಯ ಮಾರೈಕೆ ಚೌಕಟ್ಟು ಹಾಕಿಸಿದ ಫೋಟೊ ಹಿಡಿದು ಬಂದರು. ಅವರಿಗೆ ಎಂಬತ್ತೈದು ವರ್ಷ.

"ಇವನು ನನ್ನ ಅಣ್ಣ. ನನಗೆ ಐದು ವರ್ಷ ಇದ್ದಾಗ ತೀರಿಕೊಂಡ. ಮುಖ ನೆನಪಿಲ್ಲ. ಅಮ್ಮ ಹೋದ ಮೇಲೆ ದೂರದ ನೆಂಟರೊಬ್ಬರು ಇದನ್ನು ಕೊಟ್ಟರು. ಗ್ಲೌಸ್ ಬಗ್ಗೆ ಏನಾದರೂ ಹೇಳ್ತೀಯಾ?"

ನೋಡಿದೆ. ಗ್ಲೌಸ್‌ನ ಬೆರಳುಗಳನ್ನು ತೊಗಲಿನ ದಾರದಿಂದ ಒಂದಕ್ಕೊಂದು ಹೆಣೆದಿದ್ದರು. ಅವರ ಅಣ್ಣನ ಕಾಲದ ಗ್ಲೌಸ್‌ಗಳಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತಿದ್ದವು. ಉತ್ಸಾಹದಲ್ಲಿ ಹೇಳಿಯೇಬಿಟ್ಟೆ: "ಇದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ತೆಗೆದ ಫೋಟೊ."

ಮಾರೈಕೆ ಫೋಟೊವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಹಾಗಾದರೆ ನಲವತ್ತು ವರ್ಷದಿಂದ ನಾನು ದಿನಾ ಗುಡ್ ಮಾರ್ನಿಂಗ್ ಹೇಳ್ತಿರೋದು ಯಾರಿಗೆ?"

ಯಾರನ್ನಾದರೂ ಕೇಳೋಣವೆಂದರೆ ಅವರ ಕಡೆಯವರು ಯಾರೂ ಬದುಕಿಲ್ಲ.

ಸಂಜೆ ಪರದೆಯಿಲ್ಲದ ಅವರ ಕಿಟಕಿಯಲ್ಲಿ ಕಂಡಿತು: ಗೋಡೆಯ ಮೇಲೆ ಬರೀ ಮೊಳೆ.

"ಸರಿಯಾಗಿ ಕಾಣಿಸ್ತಿಲ್ಲ ಅನ್ನೋಕೆ ಏನಾಗಿತ್ರೀ ನಿಮಗೆ?" ಎಂದಳು ಹೆಂಡತಿ.

ಇಷ್ಟು ವರ್ಷಗಳಲ್ಲಿ ಯಾವ ಗ್ಲೌಸನ್ನೂ ನಾನು ಇಷ್ಟು ಖಚಿತವಾಗಿ ಗುರುತಿಸಿರಲಿಲ್ಲ.